ಜಮೀಲಾಬಿಯ ಬುಟ್ಟಿ

ಕುಂದಗೋಳದ ನಾವು ಹನ್ನೊಂದು ಮನೆಯವರು ಕುಬಿಹಾಳದ ಜಮೀಲಾಬಿಯ ಹತ್ತಿರ ವಾರಕ್ಕೊಂದು ಕಾಯಿಪಲ್ಲೆ ಬುಟ್ಟಿ ಗೊತ್ತು ಮಾಡಿದ್ದೇವೆ. ಅದರೊಳಗೆ ಏನಿರಬೇಕೆಂಬುದು ಮಾತ್ರ ಅವಳ ಮರ್ಜಿ. ಮಂಗಳವಾರ ಟ್ರಾನ್ಸಿಸ್ಟರು ವಾರ್ತೆ ಹೇಳುವ ಮೊದಲೇ ಬುಟ್ಟಿಯೊಂದಿಗೆ ಹಾಜರು. ಬದನೆಕಾಯಿ ಕೇಳಿದರೆ, "ನಾ ಏನ್ ಅಂಗಡಿ ಇಟ್ಟೇನೇನ್ರಿ ಮಾಸ್ತರ? ಹೊಲಾ ಕೊಟ್ಟದ್ದ ತಿನ್ರಿ!" ಎಂದು ಗದರುತ್ತಾಳೆ. ಆದರೂ ಕೆಮ್ಮಿದವರ ಬುಟ್ಟಿಗೆ ಹಸಿಶುಂಠಿ, ಗಂಡಹೆಂಡಿರು ಜಗಳಾಡಿದ ಮನೆಗೆ ಎರಡು ತುಂಡು ಕಬ್ಬು ಕೇಳದೆಯೇ ಬಂದು ಬೀಳುತ್ತವೆ. ಅದು ಹೇಗೆ ತಿಳಿಯುತ್ತದೋ, ಅವಳ ಅಲ್ಲಾನೇ ಬಲ್ಲ. ಈ ವಾರ, ಒಂಬತ್ತು ವರ್ಷದಿಂದ ತೊಟ್ಟಿಲು ಕಾಣದ ನಮ್ಮ ಮನೆಯ ಬುಟ್ಟಿಯಲ್ಲಿ, ಹಕ್ಕರಕಿ ಸೊಪ್ಪಿನ ಕೆಳಗೆ ಹಸಿ ಹುಣಸೆಕಾಯಿ! "ಇವನ್ನ ಯಾರ್ ಕೇಳ್ಯಾರ ಜಮೀಲಾಬಿ?" ಎಂದೆ. ಆಕೆ ಬಾಯಿಗೆ ಸೆರಗು ಹಿಡಿದು ನಗುತ್ತ ಓಡಿದಳು. ತಿರುಗಿ ನೋಡಿದರೆ, ನನ್ನ ಹೆಂಡತಿ ಮುಕ್ತಾ ಆಗಲೇ ಒಂದನ್ನು ಕಚ್ಚಿ ಕಣ್ಣು ಮುಚ್ಚಿದ್ದಳು.