ಗುಡುಗಿಗೆ ಕಾರಣ ಹೇಳಿದ ದಿನ

ಮಂಡಕ್ಕಿ ಅಂಗಡಿಯ ಮುಂದೆ ನಿಂತಿದ್ದ ಲಾರಿಯಿಂದ ಮೊನ್ನೆ ಒದ್ದೆ ಭತ್ತದ ಮುಗ್ಗಲು ವಾಸನೆ ಬಂತು. ನಿಮಗೆ ಅದು ಬರೀ ವಾಸನೆ. ನನಗೆ ಮಾತ್ರ ಕಪಾಳಕ್ಕೆ ಹೊಡೆದ ಹಾಗಾಯಿತು. ಯಾಕೆಂದು ಹೇಳುತ್ತೇನೆ ಕೇಳಿ. ನಗು ಬಂದರೆ ಧಾರಾಳವಾಗಿ ನಗಿ.

ಐವತ್ತರ ದಶಕದ ಕೊನೆ. ನಾನಾಗ ದಾವಣಗೆರೆಯಲ್ಲಿ ಹೊಸ ಮೇಷ್ಟ್ರು. ಹರಿಹರದ ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕ ಒಂದು ಇಂಗ್ಲಿಷ್ ಪುಸ್ತಕ ನನ್ನ ತಲೆ ತಿರುಗಿಸಿತ್ತು. ಭೂಮಿ ಉಸಿರು ಬಿಡುತ್ತದೆ, ಅದೇ ಗಾಳಿ. ಆ ಉಸಿರು ನೆಲದೊಳಗಿನ ಗವಿಗಳಲ್ಲಿ ಸಿಕ್ಕಿಕೊಂಡರೆ ಭೂಕಂಪ. ಪಟಾಕಿ ಮದ್ದಿಗೆ ಹಾಕುವ ಗಂಧಕ, ಪೆಟ್ಲುಪ್ಪುಗಳ ಆವಿ ಮೋಡದಲ್ಲಿ ಹೊತ್ತಿಕೊಂಡರೆ ಗುಡುಗು. ಯುರೋಪಿನವರು ಮುನ್ನೂರು ವರ್ಷದ ಹಿಂದೆ ಹೇಳಿ, ಆಮೇಲೆ ತಾವೇ ಕೈಬಿಟ್ಟಿದ್ದ ವಿದ್ಯೆ ಅದು! ಮೊದಲ ಹಾಳೆ ಹರಿದುಹೋಗಿತ್ತು, ಇಸವಿ ಯಾರಿಗೆ ಗೊತ್ತು? ಇಂಗ್ಲಿಷಿನಲ್ಲಿದೆ ಅಂದಮೇಲೆ ಹೊಸದೇ ಇರಬೇಕಲ್ಲ!

ಪಕ್ಕದ ಮನೆಯ ಬಸಪ್ಪನವರು ಆಗಷ್ಟೇ ಸ್ವಂತ ಮಂಡಕ್ಕಿ ಭಟ್ಟಿ ಹಾಕಿದ್ದರು. ನೆನೆಸಿ ಬೇಯಿಸಿದ ಮೊದಲ ಸಲದ ಭತ್ತ ಅಂಗಳದ ತುಂಬ ಒಣಗುತ್ತಿತ್ತು. ಕೈಲಿದ್ದ ದುಡ್ಡೆಲ್ಲ ಅದಕ್ಕೇ ಹಾಕಿದ್ದರು; ಅದು ಕೆಟ್ಟರೆ ಭಟ್ಟಿ ಹತ್ತುವಂತಿರಲಿಲ್ಲ. ದೂರದಲ್ಲಿ ಗುಡುಗಿತು. ಕೆಲಸದ ಗಂಗವ್ವ ಸೆರಗು ಕಟ್ಟಿಕೊಂಡು, "ಯಜಮಾನ್ರೆ, ಮಳೆ ಬರ್ತೈತೆ, ಎತ್ತಿಬಿಡಾಣ ಬರ್ರಿ" ಎಂದಳು.

ನಾನು ಕಟ್ಟೆಯ ಮೇಲೆ ಆ ಪುಸ್ತಕ ಹಿಡಿದು ಕೂತವನು ಸುಮ್ಮನಿರಬಾರದೆ? "ತಡಿಯವ್ವ. ಗುಡುಗು ಅಂದ್ರೆ ಏನು, ಗೊತ್ತೈತೇನು?" ಎಂದೆ.

ಬಸಪ್ಪನವರ ಮಗನಿಗೆ ಅಕ್ಷರ ಕಲಿಸಿದವನು ನಾನು. ಮೇಷ್ಟ್ರು ಬಾಯಿ ತೆರೆದರೆ ಅವರು ಕೈಕಟ್ಟಿ ನಿಲ್ಲುತ್ತಿದ್ದರು; ಮಾತು ಮುಗಿಯುವ ತನಕ ಕದಲುವವರಲ್ಲ. ಯಜಮಾನರು ನಿಂತರೆಂದು ಆಳುಗಳೂ ನಿಂತರು. ನಾನು ಗಂಧಕ ಮುಗಿಸಿ ಪೆಟ್ಲುಪ್ಪಿಗೆ ಬಂದೆ, ಅಲ್ಲಿಂದ ಗವಿಗೆ ಇಳಿದೆ. ಗವಿಯಿಂದ ಮೇಲೆ ಬರುವಷ್ಟರಲ್ಲಿ ಹನಿ ಬಿತ್ತು. ಹನಿಯೇನು, ಧೋ ಎಂದು ಸುರಿಯಿತು! ಅರ್ಧ ಭತ್ತ ಚರಂಡಿ ಸೇರಿತು.

ಗಂಗವ್ವ ತೊಯ್ದು ತೊಪ್ಪೆಯಾಗಿ ನಿಂತು ಕೇಳಿದಳು: "ಗುಡುಗು ಯಾಕ ಬರ್ತೈತೆ ಅಂತ ಹೇಳಿದ್ರಿ. ಮಳೆ ಬಂದಾಗ ಏನ್ ಮಾಡ್ಬೇಕು ಅಂತ ಆ ಪುಸ್ತಕದಾಗ ಬರ್ದಿಲ್ಲೇನ್ರಿ?"

"ಸುಮ್ನಿರವ್ವ," ಎಂದರು ಬಸಪ್ಪನವರು, "ಮೇಷ್ಟ್ರು ನಮ್ ಒಳ್ಳೇದಕ್ಕ ಹೇಳಿದ್ದು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ನಾಚಿ ನೀರಾದೆ. ಉಳಿದ ಭತ್ತ ಎರಡೇ ದಿನಕ್ಕೆ ಮುಗ್ಗಿತು. ಆ ವರ್ಷ ಭಟ್ಟಿ ಹತ್ತಲೇ ಇಲ್ಲ. ಬಸಪ್ಪನವರು ಬೇರೆಯವರ ಭಟ್ಟಿಯಲ್ಲಿ ಮಂಡಕ್ಕಿ ಹುರಿಯಲು ಹೋದರು. ಮಗನಿಗೆ ಮಾತ್ರ ನನ್ನ ಪಾಠ ಒಂದು ದಿನವೂ ತಪ್ಪಿಸಲಿಲ್ಲ.

ಮೊನ್ನೆ ನಾನು ಇದನ್ನೆಲ್ಲ ನೆನೆಯುತ್ತ ನಿಂತಿರುವಾಗಲೇ ಮೋಡ ಕವಿಯಿತು. ಲಾರಿಯ ಡ್ರೈವರು ಆರಾಮಾಗಿ ಚಹಾ ಕುಡಿಯುತ್ತಿದ್ದ. "ಚೀಲದ ಮೇಲೆ ತಾಡಪಾಲು ಎಳಿಯಪ್ಪ" ಎಂದೆ.

"ಯಾಕ್ರೀ ಅಜ್ಜ, ಮಳೆ ಬರ್ತೈತೇನ್ರಿ?"

ಕಾರಣಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತವು.

"ನನಗೇನು ಗೊತ್ತಪ್ಪ" ಎಂದು ತಾಡಪಾಲಿನ ಒಂದು ತುದಿ ಹಿಡಿದುಕೊಂಡೆ.