ಹಾಡಿನ ಪೆಟ್ಟಿಗೆಯಲ್ಲಿ ಕೂತಿದ್ದ ವೈರಸ್

ಕಳೆದ ವರ್ಷ ಆಷಾಢಕ್ಕೆ ಮುಂಚಿನ ಕೊನೆಯ ಮುಹೂರ್ತಗಳ ಸಮಯ. ಆರ್.ಟಿ. ನಗರದ ಒಂದು ಫೋಟೊ ಸ್ಟುಡಿಯೊದಲ್ಲಿ ನಾನು ಮದುವೆ ಆಲ್ಬಂ ಡಿಸೈನ್ ಮಾಡುತ್ತೇನೆ. ಆ ದಿನ ಮಧ್ಯಾಹ್ನ ರಾಜಾನುಕುಂಟೆ ಕಡೆಯ ಮುನಿರಾಜು ಎಂಬುವರು ಬಂದರು. ಅವರ ಮಗಳ ಮದುವೆಗೆ ಫೋಟೊ ತೆಗೆದವರು ನಾವೇ.

"ನಮ್ಮವ್ವ ತೀರ್ಕೊಂಬುಟ್ರು ಕಣಮ್ಮ. ನಾಳಿದ್ದು ತಿಥಿ. ಆಲ್ಬಮ್ಮಲ್ಲಿ ಗುಂಪಿನ ಮೂಲೇಲವ್ರೆ, ಮುಖಾನೇ ಕಾಣಾಕಿಲ್ಲ. ಒಬ್ರನ್ನೇ ಕೂರ್ಸಿ ಒಂದು ತೆಗ್ದಿದ್ರಲ್ಲ, ಅದನ್ನ ದೊಡ್ಡದು ಮಾಡಿ ಫ್ರೇಂ ಆಕ್ಕೊಡಿ. ಬೇರೆ ಫೋಟೋನೇ ಇಲ್ಲ" ಎಂದರು.

ಅವರ ಫೋಲ್ಡರ್ ಒತ್ತಿದೆ. ಒಳಗೆ ಏನೂ ಇಲ್ಲ. ಬೇರೆ ಫೋಲ್ಡರ್ ತೆಗೆದರೆ ಅದೂ ಖಾಲಿ. ಅಂಗಡಿಯ ನಾಲ್ಕೂ ಕಂಪ್ಯೂಟರ್‌ಗಳದ್ದು ಒಂದೇ ಕಥೆ. ಬ್ಯಾಕಪ್ ಡಿಸ್ಕನ್ನು ಸದಾ, ಫೋಟೊಗಳನ್ನೆಲ್ಲ ಇಡುವ ದೊಡ್ಡ ಕಂಪ್ಯೂಟರ್‌ಗೇ ಸಿಕ್ಕಿಸಿಟ್ಟಿದ್ದರಿಂದ ಅದಕ್ಕೂ ಅದೇ ಗತಿ. ಮುನಿರಾಜು ಅವರಿಗೆ ನಾಳೆ ಬನ್ನಿ ಎಂದು ಹೇಳಿ ಕಳಿಸಿದೆ.

ಪಕ್ಕದ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಇಮ್ರಾನ್ ಬಂದ. "ಇದು ವರ್ಮ್ ಅಂತ, ಒಂಥರಾ ವೈರಸ್. ಯಾರದೋ ಪೆನ್‌ಡ್ರೈವಲ್ಲಿ ಬಂದಿದೆ. ಒಂದರಿಂದ ಇನ್ನೊಂದಕ್ಕೆ ತಾನೇ ಹರಡತ್ತೆ. ಫೋಟೋಗಳನ್ನ ಅಳಿಸಿಲ್ಲ, ಬಚ್ಚಿಟ್ಟಿದೆ ಅಷ್ಟೆ. ಮೊದ್ಲು ಕಂಪ್ಯೂಟರ್‌ಗಳನ್ನ ಒಂದಕ್ಕೊಂದು ಜೋಡಿಸಿರೋ ಕೇಬಲ್ ಎಲ್ಲಾ ಕೀಳಿ" ಎಂದ. ಒಂದೊಂದನ್ನೇ ಬೇರೆ ಮಾಡಿ ಶುಚಿ ಮಾಡಿದ. ಬಾಗಿಲು ಹಾಕುವ ಹೊತ್ತಿಗೆ ಮತ್ತೆ ಕೇಬಲ್ ಸಿಕ್ಕಿಸಿ, ಬಚ್ಚಿಟ್ಟ ಫೋಟೊಗಳನ್ನು ಬೆಳಿಗ್ಗೆ ಹೊರಗೆ ತೆಗೆಯೋಣ ಎಂದು ಹೋದ.

ಬೆಳಿಗ್ಗೆ ನೋಡಿದರೆ ಯಥಾಪ್ರಕಾರ ವೈರಸ್! ಇಮ್ರಾನ್ ಓಡಿ ಬಂದ. ಕಂಪ್ಯೂಟರ್‌ಗಳು ಏನು ಮಾಡುವುದಕ್ಕೂ ಬಿಡದೆ ತಮ್ಮಷ್ಟಕ್ಕೆ ರೀಸ್ಟಾರ್ಟ್ ಆಗುತ್ತಿದ್ದವು.

"ಸಾಕಪ್ಪಾ ಸಾಕು, ಎಲ್ಲಾ ಫಾರ್ಮ್ಯಾಟ್ ಹೊಡ್ದುಬಿಡು. ಕೆಲಸ ನಿಂತಿದೆ" ಎಂದರು ನಮ್ಮ ಮಾಲೀಕರು ನಾಗರಾಜ್ ಸರ್.

ನನಗೆ ಸಿಟ್ಟು ಬಂತು. "ಫಾರ್ಮ್ಯಾಟ್ ಮಾಡಿದ್ರೆ ಆ ಅಜ್ಜಿ ಫೋಟೋನೂ ಹೋಗತ್ತೆ ಸರ್. ಅವರಿಗೆ ಏನ್ ಹೇಳ್ತೀರಾ?"

ಇಮ್ರಾನ್ ತಲೆ ಕೆರೆದುಕೊಂಡು, "ಅಂಕಲ್, ನಾವು ಶುಚಿ ಮಾಡ್ದೆ ಬಿಟ್ಟಿರೋ ಇನ್ನೊಂದು ಕಂಪ್ಯೂಟರ್ ಎಲ್ಲಾದ್ರೂ ಇದೆಯಾ?" ಎಂದ.

"ಇಲ್ಲ ಕಣಯ್ಯಾ, ಇರೋದೇ ನಾಲ್ಕು."

ಅವರು ಹಾಗೆ ಹೇಳುತ್ತಿರುವಾಗ ತಲೆಯ ಮೇಲೆ ದೇವಿಯ ಹಾಡು ಜೋರಾಗಿ ಬರುತ್ತಿತ್ತು. ನಾನು ಕತ್ತೆತ್ತಿ ನೋಡಿದೆ. ದೇವರ ಫೋಟೊದ ಪಕ್ಕ, ಅಂಗಡಿ ಶುರುವಾದಾಗ ತಂದ ಮೊದಲ ಕಂಪ್ಯೂಟರ್. ಬೆಳಿಗ್ಗೆ ಪೂಜೆ ಮುಗಿಸಿ ಸರ್ ಅದರಲ್ಲಿ ಹಾಡು ಹಾಕುತ್ತಾರೆ. ಆಯುಧಪೂಜೆಯಲ್ಲಿ ಮೊದಲ ಕುಂಕುಮ ಅದಕ್ಕೇ. ಆದರೆ ಅದೂ ಒಂದು ಕಂಪ್ಯೂಟರ್ ಎಂಬುದು ನಮಗೆ ಮರೆತೇ ಹೋಗಿತ್ತು. ಹಾಡುಗಳನ್ನು ದೊಡ್ಡ ಕಂಪ್ಯೂಟರ್‌ನಿಂದ ಅದಕ್ಕೆ ನಕಲು ಮಾಡುತ್ತಿದ್ದುದರಿಂದ ಅದಕ್ಕೂ ಒಂದು ಕೇಬಲ್ ಹೋಗಿತ್ತು.

"ಸರ್, ಹಾಡಿನ ಪೆಟ್ಟಿಗೆ!" ಎಂದೆ.

ಇಮ್ರಾನ್ ಹಣೆ ಚಚ್ಚಿಕೊಂಡ. "ಮನೆಯೆಲ್ಲಾ ಹುಡುಕಿ, ಕಳ್ಳನ್ನ ದೇವರಮನೇಲಿ ಕೂರಿಸಿದೀವಲ್ಲ ಅಂಕಲ್!"

ಅವನು ಕೇಬಲ್‌ಗೆ ಕೈ ಹಾಕಿದರೆ ಸರ್ ತಡೆದರು. "ತಡಿಯಯ್ಯಾ, ಅರ್ಧಕ್ಕೆ ನಿಲ್ಲಿಸಬಾರ್ದು. ಹಾಡು ಮುಗೀಲಿ." ಹಾಡು ಮುಗಿಯುವವರೆಗೆ ಮೂವರೂ ಕೈಕಟ್ಟಿ ನಿಂತೆವು. ಆಮೇಲೆ ಐದನ್ನೂ ಬೇರೆ ಮಾಡಿ, ಮೊದಲು ಹಾಡಿನ ಪೆಟ್ಟಿಗೆಯನ್ನು, ನಂತರ ಉಳಿದವನ್ನು ಶುಚಿ ಮಾಡಿದೆವು. ಬಚ್ಚಿಟ್ಟ ಫೋಲ್ಡರ್‌ಗಳನ್ನು ಹೊರಗೆ ತಂದು, ಬೇರೆ ಡಿಸ್ಕಿಗೆ ನಕಲು ಮಾಡಿ, ಒಂದೊಂದೇ ಕಂಪ್ಯೂಟರ್ ಜೋಡಿಸಿ ಕಾದು ನೋಡಿದೆವು. ವೈರಸ್ ಮತ್ತೆ ಬರಲಿಲ್ಲ.

ಮುನಿರಾಜು ಬಂದಾಗ ಅಜ್ಜಿಯ ಫೋಟೊ ತೆರೆಯ ಮೇಲಿತ್ತು. ಛತ್ರದ ಅಡುಗೆಮನೆ ಬಾಗಿಲಲ್ಲಿ ಕೂತು ಬಾಯಿತುಂಬ ನಗುತ್ತಿದ್ದರು. ಮುಂದಿನ ಒಂದು ಹಲ್ಲಿರಲಿಲ್ಲ. ನಾನು ಅಭ್ಯಾಸಬಲದಿಂದ ಆ ಜಾಗ ತುಂಬಿ, ಮುಖ ಬೆಳ್ಳಗೆ ಮಾಡಲು ಶುರುಮಾಡಿದೆ.

"ಅಲ್ಲು ತುಂಬ್ಬೇಡಿ ಕಣಮ್ಮ" ಎಂದರು ಮುನಿರಾಜು ಹಿಂದಿನಿಂದ. "ನಮ್ಮವ್ವ ಇಂಗೇ ನಗ್ತಿದ್ದಿದ್ದು."

ಮಾಡಿದ್ದನ್ನೆಲ್ಲ ಅಳಿಸಿ ಮೊದಲಿದ್ದ ಹಾಗೇ ಮಾಡಿದೆ. ಅವರು ತೆರೆಗೆ ಕೈಮುಗಿದರು. ನನಗೆ ಅಳು ತಡೆಯಲಾಗಲಿಲ್ಲ. ಎರಡು ದಿನ ಅಷ್ಟು ಒದ್ದಾಡಿ ಹುಡುಕಿ ತೆಗೆದ ಮುಖವನ್ನು ಕೊನೆಗೆ ನಾನೇ ಕಳೆದುಬಿಡುತ್ತಿದ್ದೆ.

ಈಗಲೂ ತೀರಿಕೊಂಡವರ ಫೋಟೊ ದೊಡ್ಡದು ಮಾಡಿಸಲು ಯಾರಾದರೂ ಬಂದರೆ, ಮೌಸ್ ಮುಟ್ಟುವ ಮೊದಲು ಕೇಳುತ್ತೇನೆ: "ಅವರು ಹೇಗಿದ್ರು?"