ಅಡ್ಡ ಹಿಡಿದ ಆ ಕೈಗಳು ನನ್ನವಲ್ಲ

ಆ ದಿನ ಹೆಲಿಕಾಪ್ಟರ್ ನಿಲ್ಲಿಸಿದ್ದು ನಾನಲ್ಲ.

ಬರೆದುಬಿಟ್ಟೆ! ಸಿಂಧನೂರು, ಲಿಂಗಸುಗೂರುಗಳಲ್ಲಿ ನಾನೇ ನಿಲ್ಲಿಸಿದೆ ಎಂಬ ಕಥೆ ಹೇಳಿ ಎಷ್ಟು ಶಾಲು ಹೊದಿಸಿಕೊಂಡೆನೋ. ಅವೆಲ್ಲ ಈಗ ಮೈ ಚುಚ್ಚುತ್ತಿವೆ ಎಂದರೆ ಅದೂ ಸುಳ್ಳೇ — ಒಂದನ್ನು ಹೊದ್ದುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನೌಕಾಪಡೆಯ ಹೆಲಿಕಾಪ್ಟರ್ ತರಬೇತಿ ದಳದಲ್ಲಿ ಆಗ ನಾನು ನೆಲದ ಮೇಲಿನವನು. ಹೆಲಿಕಾಪ್ಟರಿನ ಎದುರು ನಿಂತು ಕೈಸನ್ನೆಯಿಂದ ಅದನ್ನು ಮೇಲಕ್ಕೆ ಕಳಿಸುವುದು ನನ್ನ ಕೆಲಸ. ಎರಡೂ ತೋಳು ತಲೆಯ ಮೇಲೆ ಅಡ್ಡ ಹಿಡಿದೆನೋ, ಒಳಗೆ ಎಂಥ ದೊಡ್ಡ ಸಾಹೇಬರಿದ್ದರೂ ನಿಲ್ಲಲೇಬೇಕು. ಆದರೆ ಆ ಹಕ್ಕು ಎದುರು ನಿಂತವನೊಬ್ಬನದೇ. ಬೇರೆ ಯಾರಾದರೂ ಕೈ ಎತ್ತಿದರೆ ನಮ್ಮ ದಳದಲ್ಲಿ ಶಿಕ್ಷೆ.

ನಾನೋ, ಮನೆಗೆ ಬೀಗ ಹಾಕಿ ಮತ್ತೆ ಮತ್ತೆ ಜಗ್ಗಿ ನೋಡುವ ಪೈಕಿ. ಆ ವಾರವಷ್ಟೇ ನೆರಳನ್ನು ಎಣ್ಣೆ ಸೋರಿಕೆ ಎಂದುಕೊಂಡು ಹೆಲಿಕಾಪ್ಟರ್ ನಿಲ್ಲಿಸಿ ನಗೆಪಾಟಲಾಗಿದ್ದೆ. ಹಾಗಾಗಿ ಅಂದು, ಕಲಿಯುವ ಹುಡುಗನೊಬ್ಬ ಮೊದಲ ಸಲ ಒಂಟಿಯಾಗಿ ಹಾರಲು ಕೂತಿದ್ದಾಗ, ಎಂಜಿನ್ನಿನ ಮುಚ್ಚಳ ಅದುರಿದ್ದು ಕಂಡರೂ — ಮತ್ತೆ ನಕ್ಕರೆ? ಕೈ ಮೇಲೇಳಲಿಲ್ಲ.

ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಪಕ್ಕದಲ್ಲಿದ್ದವನು ಮಸ್ಕಿಯ ಮೆಹಬೂಬ್. ಅದನ್ನು ಬಿಸಾಕಿ ನನ್ನ ಮುಂದೆ ನುಗ್ಗಿದ. ತೋಳು ಅಡ್ಡ ಹಿಡಿದ. ರೆಕ್ಕೆ ನಿಂತ ಮೇಲೆ ನೋಡಿದರೆ ಮುಚ್ಚಳದ ಚಿಲಕ ಬಿಚ್ಚಿತ್ತು. ಹಾರಿದ್ದರೆ ಮುಚ್ಚಳ ಕಿತ್ತುಹೋಗಿ ರೆಕ್ಕೆಗೇ ಬಡಿಯುತ್ತಿತ್ತು. ಇಬ್ಬರದೂ ಒಂದೇ ಉಡುಪು, ಒಂದೇ ಹೆಲ್ಮೆಟ್ಟು. ಒಳಗಿದ್ದ ಹುಡುಗನಿಗೂ ಯಾರೆಂದು ಗುರುತಾಗಿರಲಿಲ್ಲ.

"ಯಾರು ನಿಲ್ಲಿಸಿದ್ದು?" ಕಮಾಂಡರ್ ಓಡಿ ಬಂದರು.

"ನಾನೇ, ಸರ್."

ಮೆಹಬೂಬನನ್ನು ಶಿಕ್ಷೆಯಿಂದ ಉಳಿಸಿದೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಉಳಿಸಿಕೊಂಡದ್ದು ನನ್ನನ್ನು.

ಈ ವರ್ಷ ದಳದ ಇತಿಹಾಸ ಪುಸ್ತಕವಾಗುತ್ತಿದೆ, ಸಮಾರಂಭದಲ್ಲಿ ಆ ದಿನದ ಕಥೆ ನೀವೇ ಹೇಳಬೇಕು ಎಂದು ಕರೆ ಬಂತು. ಸುಳ್ಳು ಇನ್ನು ಅಚ್ಚಾಗಿ ಶಾಶ್ವತವಾಗುತ್ತದೆ — ಮಸ್ಕಿಯ ಬಸ್ಸು ಹತ್ತಿದೆ. ಮೆಹಬೂಬ್ ಈಗ ಅಲ್ಲಿ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ.

"ಖರೇ ಹೇಳಾಂವ ಅದೀನಿ. ನೀನೂ ಬಾ," ಅಂದೆ.

"ಈಗ್ಯಾಕಲೇ ಈರ್ಯಾ? ಮಂದಿ ಶಾಲು ವಾಪಸ್ ಕೇಳಿದ್ರ ಏನ್ ಮಾಡ್ತಿ?"

"ನಗಬ್ಯಾಡಲೇ."

"ನಗ್ದ ಏನ್ ಮಾಡ್ಲಿ? ನಿನ್ನ ಭಾಷಣ ಕೇಳಿ ನನ್ನ ಮಗಳು, ಅಬ್ಬಾಜಾನ್, ಆವತ್ತ ನೀವೆಲ್ಲಿದ್ರಿ ಅಂದ್ಲು. ಬಾಜೂಕ ಸುಮ್ನ ನಿಂತಿದ್ದೆ ಅಂದೆ."

ಅಷ್ಟು ಹೇಳಿ ನಗು ನಿಲ್ಲಿಸಿದ.

ಮೂವರೂ ಹೋದೆವು — ಅವನು, ಮಗಳು, ನಾನು. ದಳದ ಹೆಲಿಕಾಪ್ಟರ್ ಇಡುವ ಹ್ಯಾಂಗರಿನಲ್ಲೇ ಸಮಾರಂಭ. ವೇದಿಕೆಯಲ್ಲಿ ಎಲ್ಲ ಹೇಳಿದೆ. ಮುಂದಿನ ಸಾಲಿನಿಂದ ತಲೆ ನರೆತ ಅಧಿಕಾರಿಯೊಬ್ಬರು ಎದ್ದರು. ಅಂದು ಒಳಗಿದ್ದ ಹುಡುಗ. ನನ್ನ ಕಡೆ ನೋಡಲಿಲ್ಲ. ನೇರ ಹೋಗಿ ಮೆಹಬೂಬನ ಎರಡೂ ಕೈ ಹಿಡಿದು ಮೇಲೆತ್ತಿದರು. ಮರುಗಳಿಗೆ ಇಡೀ ಹ್ಯಾಂಗರು ಎದ್ದು ನಿಂತು ಗರ್ಜಿಸಿತು. ಮಗಳು ಕುರ್ಚಿ ಹತ್ತಿ ಸಿಳ್ಳೆ ಹೊಡೆದಳು. ಅಂಥ ಗೆಲುವು ನನ್ನ ಜನ್ಮದಲ್ಲಿ ನೋಡಿಲ್ಲ, ಅದು ನನ್ನದಲ್ಲದಿದ್ದರೂ.

ಪುಸ್ತಕದಲ್ಲಿ ಈಗ ಮೆಹಬೂಬನ ಹೆಸರಿದೆ. ನನ್ನ ಹೆಸರು ಬಿಟ್ಟುಬಿಡುತ್ತೇವೆ ಎಂದು ಸಂಪಾದಕರು ಸೌಜನ್ಯದಿಂದ ಅಂದರು.

ಬೇಡ, ಬರೆಯಿರಿ ಎಂದೆ: ಕೈ ಎತ್ತಬೇಕಾಗಿದ್ದವನು ಸಾಲಗುಂದದ ಈರಣ್ಣ. ಅವನು ಎತ್ತಲಿಲ್ಲ.